ರೋಮಿನಲ್ಲಿ ಹಿಡಿದ ಹಳದಿ ಕೊಡೆ

ಶನಿವಾರ, ಅಕ್ಟೋಬರ್ 12, 2024. ರೋಮ್.

ಆ ಟೂರಿಸಂ ಆಫೀಸಿನ ಸಾಹೇಬ ಇವತ್ತು ಇಲ್ಲಿರಬೇಕಿತ್ತು! ಹಂಪಿ ಬಜಾರಿನಲ್ಲಿ ನನ್ನ ಆಟೋದ ಟೂರಿಸ್ಟರಿಗೆ ಗುಡಿಯ ಕಥೆ ಹೇಳುತ್ತಿದ್ದಾಗ ಅವರ ಎದುರಿಗೇ, "ಒಂಬತ್ನೇ ಕ್ಲಾಸಿಗೇ ಸಾಲಿ ಬಿಟ್ಟಾವ, ನೀ ಎಂಥಾ ಗೈಡಲೇ? ಆಟೋ ಹೊಡಿ ಹೋಗು" ಅಂದಿದ್ದ. ಮೂರು ವರ್ಷವಾಯಿತು, ಇನ್ನೂ ಉರಿಯುತ್ತದೆ.

ಈಗ ನಾನು ಕೆಲಸ ಮಾಡುವ ಪೋಲೆಂಡಿನ ಗೋಡೌನಿನಲ್ಲಿ ಎರಡು ದಿನ ರಜೆ ಸಿಕ್ಕಿತು. ನಾನು, ಅಲ್ಲೇ ಜೊತೆಗೆ ದುಡಿಯುವ ಯಶವಂತನಗರದ ಮೌನೇಶ ಅಗ್ಗದ ವಿಮಾನ ಹತ್ತಿ ಬಂದೆವು. ಬೆಳಿಗ್ಗೆ ಯಾವುದೋ ಚರ್ಚಿನ ಮೆಟ್ಟಿಲ ಮೇಲೆ ಕೂತು ಬ್ರೆಡ್ಡಿಗೆ ಶೇಂಗಾ ಚಟ್ನಿ ಹಚ್ಚಿ ತಿಂದು, ಟಿಕೆಟ್ ಇಲ್ಲದ ಟೂರ್ ಒಂದಕ್ಕೆ ಸೇರಿಕೊಂಡೆವು.

ಗೈಡ್ ಜೂಲಿಯಾ ಒಂದು ಕಲ್ಲಿನ ಹತ್ತಿರ ನಿಂತು, ಇದರ ಅಂಚಿಗೆ ಸಾಲಾಗಿ ತೂತು ಯಾಕಿವೆ ಅಂತ ಕೇಳಿದಳು. ಒಬ್ಬ ಗುಂಡೇಟು ಅಂದ. ಥೂ! ನನಗೆ ತಡೆಯಲಾಗಲಿಲ್ಲ. ತೂತಿಗೆ ಒಣ ಕಟ್ಟಿಗೆಯ ಬೆಣೆ ಬಡಿದು ನೀರು ಹಾಕುತ್ತಾರೆ, ಕಟ್ಟಿಗೆ ಉಬ್ಬಿ ಬಂಡೆ ಸೀಳುತ್ತದೆ, ನಮ್ಮ ಹಂಪಿಯ ಎಷ್ಟೋ ಬಂಡೆಗಳಲ್ಲಿ ಇದೇ ಗುರುತು ಇದೆ ಅಂತ ಆಟೋ ಇಂಗ್ಲಿಷಿನಲ್ಲೇ ಕೂಗಿದೆ.

ಅವಳು ಚಪ್ಪಾಳೆ ತಟ್ಟಿ, ನೀವೂ ಗೈಡಾ ಅಂದಳು. ನಾನು ಬಾಯಿ ತೆರೆಯುವ ಮೊದಲೇ ಮೌನೇಶ "ಯೆಸ್! ಹಂಪಿ ಗೈಡ್!" ಅಂದುಬಿಟ್ಟ.

"ಲೇ, ಸುಳ್ಳ್ಯಾಕ ಹೇಳ್ತಿ?"

"ಸುಳ್ಳೇನಲೇ ಜಂಬು? ಈಗ ಹೇಳಿದ್ಯಾರು, ನಿಮ್ಮ ಸಾಹೇಬನಾ?"

ಜೂಲಿಯಾ ನಗುತ್ತಾ, ಗುಂಪಿಗೆ ಗುರುತಾಗಲೆಂದು ತಾನು ಎತ್ತಿ ಹಿಡಿದಿದ್ದ ಹಳದಿ ಕೊಡೆಯನ್ನು ನನ್ನ ಕೈಗೆ ಕೊಟ್ಟಳು. ಅದನ್ನು ಎತ್ತಿ ಹಿಡಿದು ಮುಂದೆ ನಡೆದೆ. ಇಪ್ಪತ್ತು ಜನ ನನ್ನ ಹಿಂದೆ! ಯಾರೂ ಮಾರ್ಕ್ಸ್ ಕಾರ್ಡ್ ಕೇಳಲಿಲ್ಲ.

ಈಗ ರಾತ್ರಿ, ಪಕ್ಕದಲ್ಲಿ ಮೌನೇಶ ಗೊರಕೆ ಹೊಡೆಯುತ್ತಿದ್ದಾನೆ. ನನಗೆ ನಿದ್ದೆ ಎಲ್ಲಿಂದ ಬರಬೇಕು? ತೋಳು ಬಿದ್ದುಹೋಗುವಂತೆ ನೋಯುತ್ತಿದೆ. ಟೂರ್ ಮುಗಿಯುವ ತನಕ ಕೊಡೆ ಇಳಿಸಲೇ ಇಲ್ಲ ನಾನು.