ಕನ್ಯಾ ನೋಡಿದ ಮನೆಯಲ್ಲಿ ಬಿಟ್ಟ ದನಿ

ಮಲ್ಕಾಜ್‌ಗಿರಿ, ಹೈದರಾಬಾದ್
೧೮ ನವೆಂಬರ್ ೨೦೨೫

ಪ್ರೀತಿಯ ಗುರುಬಸವನಿಗೆ ವೈಜನಾಥನ ನಮಸ್ಕಾರ.

ನಾಲ್ಕು ಸಲ ಫೋನ್ ಮಾಡಿದ್ದೆ, ಎತ್ತಲಿಲ್ಲ ಎಂದು ಬೈದುಕೊಂಡಿರುತ್ತೀ. ಬೈ, ತಪ್ಪಿಲ್ಲ. ಎತ್ತಿ ಏನು ಮಾಡಲಿ? ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದು ಇಂದಿಗೆ ಹನ್ನೆರಡು ದಿನ. ರೈಲ್ವೆ ಕ್ವಾರ್ಟರ್ಸ್ ನಡುಗುವಂತೆ ಕೂಗುತ್ತಿದ್ದ ನಿನ್ನ ಗೆಳೆಯ ಈಗ ಚಹಾ ಬೇಕೆಂದರೂ ಚೀಟಿ ಬರೆಯುತ್ತಾನೆ.

ಆಪರೇಷನ್‌ಗೆ ಮುಂಚೆ ಡಾಕ್ಟರು ಒಂದು ದಾರಿ ಹೇಳಿದ್ದರು. ದಿನಬಳಕೆಯ ಮಾತುಗಳನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟರೆ, ಆಮೇಲೆ ಗುಂಡಿ ಒತ್ತಿದಾಗ ನಿಮ್ಮದೇ ದನಿ ಬರುತ್ತದೆ ಎಂದು. ನನ್ನ ಲ್ಯಾಪ್‌ಟಾಪೋ, ಶುರುವಾಗುವಷ್ಟರಲ್ಲಿ ಒಂದು ಊಟ ಮುಗಿಯುತ್ತಿತ್ತು. ಮೇಲಿನ ಮನೆಯ ತಾರಾ, ಗಚ್ಚಿಬೌಲಿಯಲ್ಲಿ ಕೆಲಸ ಮಾಡುವ ಮೈಸೂರಿನ ಹುಡುಗಿ, ವಿಂಡೋಸ್ ಬದಲು ಲಿನಕ್ಸ್ ಎಂಬ ಹಗುರವಾದ ವ್ಯವಸ್ಥೆ ಹಾಕೋಣ ಅಂದಳು. ಹಳೆಯ ಫೋಟೋ, ಕಾಗದಪತ್ರ ಅಳಿಸಿಹೋದರೆ ಎಂದು ನನಗೆ ಹೆದರಿಕೆ. ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ, ಹಿಡಿಸಿದರೆ ಬದಲಾಯಿಸೋಣ, ಒಳಗಿರುವುದನ್ನು ಅದು ಮುಟ್ಟುವುದಿಲ್ಲ ಎಂದಳು.

"ಆಫ್ ಮಾಡಿದ್ರೆ ಏನೂ ಉಳಿಯಲ್ಲ ಅಂಕಲ್."

"ಅಂದ್ರ ಕನ್ಯಾ ನೋಡಿ ಬಂದಂಗ. ಅವಲಕ್ಕಿ ತಿನ್ನೂದು, ಎದ್ದು ಬರೂದು," ಎಂದೆ. ಹೌದೆಂದು ನಕ್ಕಳು.

ಏನೂ ಉಳಿಯುವುದಿಲ್ಲ ಎಂದರೆ ಅದರ ಗುರುತು ಉಳಿಯುವುದಿಲ್ಲ ಎಂದು ತಿಳಿದೆನಪ್ಪಾ. ನನ್ನದೂ ಉಳಿಯುವುದಿಲ್ಲ ಎಂದು ಹೊಳೆಯಲೇ ಇಲ್ಲ.

ಪೆನ್‌ಡ್ರೈವ್ ಚುಚ್ಚಿದ್ದೇ ಯಂತ್ರ ಕುದುರೆಯಂತೆ ಓಡಿತು. ನಾಲ್ಕು ದಿನ ಕುಳಿತು ಇನ್ನೂರು ಮಾತು ಹೇಳಿದೆ. ನೀರು ಕೊಡು, ಉಪ್ಪು ಕಡಿಮಿ ಆಗೇತಿ, ನಿನಗೆ ಬೈಯಲು ಏಳೆಂಟು. ದಿನಾ ಆಫ್ ಮಾಡದೆ ಬರೀ ಮುಚ್ಚಳ ಮಡಚಿಡುತ್ತಿದ್ದೆ, ಮರುದಿನ ಎಲ್ಲ ಇರುತ್ತಿತ್ತು. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಅದು ಪೂರ್ತಿ ಬಂದ್ ಆಯಿತು. ತಿರುಗಿ ಬಂದು, ಹೆಂಡತಿ ಪಾರ್ವತಿ ಗುಡಿಗೆ ಹೋಗಿದ್ದಾಗ ತೆರೆದರೆ ಖಾಲಿ. ತಾರಾ ಎರಡು ಗಂಟೆ ಹುಡುಕಿ ಕಣ್ಣೊರೆಸಿಕೊಂಡು ಎದ್ದುಹೋದಳು. ಕನ್ಯಾ ನೋಡಲು ಹೋದ ಮನೆಯಲ್ಲಿ ಯಾರಾದರೂ ಗಂಟುಮೂಟೆ ಇಟ್ಟು ಬರುತ್ತಾರೇನು? ನಾನು ಇಟ್ಟು ಬಂದೆ.

ನಿನ್ನ ಕಾಲು ಹಿಡಿಯುತ್ತೇನೆ, ಗುರುಬಸವ. ನಿನ್ನ ಮಗಳು ಕುಮುದಾಳ ಮದುವೆಯ ಸೀಡಿ ಹುಡುಕು. ಅಡುಗೆಯವರ ಮೇಲೆ ನಾನು ಕೂಗಾಡಿದ್ದು ಅದರಲ್ಲಿ ಬಂದಿದೆಯೇ ನೋಡು. ನನ್ನ ಫೋನಿನಲ್ಲಿ ಏನೂ ಇಲ್ಲ. ಎಲ್ಲ ವಿಡಿಯೋ ತೆಗೆದವನು ನಾನೇ, 'ಈ ಕಡೆ ನೋಡ್ರಿ' ಅಷ್ಟೇ ಇದೆ. ಅಲ್ಲಿ ಎಲ್ಲಾದರೂ ನಾನು 'ಪಾರೂ' ಎಂದು ಕರೆದಿದ್ದರೆ ಅದೊಂದೇ ಸಾಕು, ಕೂಡಲೇ ಕಳಿಸು.

ನಿನ್ನ ಮಕ್ಕಳು ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಬಾಯಿ ತುಂಬ ಮಾತಾಡಿಕೊಂಡಿರಲಿ.

ನಿನ್ನ
ವೈಜನಾಥ

ತಾ.ಕ.: ಬಂದ್ ಆಯಿತು ಎಂದು ಮೇಲೆ ಬರೆದೆ. ತಾನಾಗಿ ಆಗಲಿಲ್ಲ, ಮಾಡಿದ್ದು ಪಾರ್ವತಿ. ಬೀಗ ಹಾಕುವ ಮುನ್ನ ಗ್ಯಾಸು, ನಳ ನೋಡಿದವಳು ಅದನ್ನೂ ಆರಿಸಿದಳು. ಏನಾಯಿತೆಂದು ಅವಳಿಗೆ ಗೊತ್ತಿಲ್ಲ. ಹೊಲಿಗೆ ಒಣಗಲಿ, ಆಮೇಲೆ ರೆಕಾರ್ಡಿಂಗ್ ಹಚ್ಚುತ್ತೇನೆ ಎಂದು ಚೀಟಿ ಬರೆದು ಬರೆದು ಮುಂದೂಡುತ್ತಿದ್ದೇನೆ. ನಿನ್ನೆ ಎದುರಿಗೆ ಬಂದು ಕುಳಿತಳು. "ರೆಕಾರ್ಡ್ ಮಾಡೂಮುಂದ ಎಲ್ಲಾಕಿಂತ ಮೊದಲ ಪಾರೂ ಅಂದಿದ್ರಲ್ಲ, ಅಡಿಗಿ ಮನ್ಯಾಗಿಂದ ಕೇಳೀನಿ. ಅದನ್ನ ಹಚ್ಚರಿ. ಎಲ್ಲೂ ಹೋಗಿರಂಗಿಲ್ಲ, ಅವತ್ತ ನಾನೇ ಬಂದ್ ಮಾಡಿ ಜ್ವಾಪಾನ ಇಟ್ಟೀನಿ," ಅಂದಳು.