ಸೀಮಾಳ ಚೀಲ ಉಳಿದ ಸುದ್ದಿ

ಏಕಸಂಬಿ
೨೪ ನವೆಂಬರ್ ೨೦೨೪

ಚಿ. ಸೌ. ತಂಗಿ ಗಂಗಾಳಿಗೆ ಅಕ್ಕ ಸಕ್ಕುಬಾಯಿಯ ಆಶೀರ್ವಾದ.

ದೀಪಾವಳಿಗೆ ನೀನು ಅಕ್ಕೋಳದಿಂದ ಕಳಿಸಿದ ಕರಚಿಕಾಯಿ ಎಂದೋ ಮುಗಿದವು. ಡಬ್ಬಿಯನ್ನೂ ಕಳಿಸಲಿಲ್ಲ, ಕಾಗದವನ್ನೂ ಬರೆಯಲಿಲ್ಲ. ಬೈಯಬೇಡ. ಫೋನ್ ಹಚ್ಚಿದರೆ ನಿನ್ನ ದನಿ ಕೇಳಿ ನನ್ನ ಮಾತು ಬೇರೆ ದಾರಿ ಹಿಡಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಸೊಸೆ ಸೀಮಾಳಿಗೆ ವರ್ಷದಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತು. ಓಣಿಯ ದುಂಡವ್ವ ಬಂದು ಕೂತಳು. "ಕಬ್ಬಿನ ಸೀಜನ್ ಸುರು ಆಗೂದ್ರೊಳಗ ಗರ್ಭಚೀಲ ತೆಗಸಿಬಿಡ್ರಿ. ನನ್ನ ಇಬ್ಬರು ಸೊಸ್ತೇರದು ತೆಗಿಸೇನಿ" ಎಂದಳು. ನಮ್ಮ ಕಡೆ ಇದು ಹಲ್ಲು ಕೀಳಿಸಿದಷ್ಟು ಸಲೀಸು. ಸೀಮಾಳಿಗೆ ಇನ್ನೂ ಇಪ್ಪತ್ತಾರು, ಇನ್ನೊಂದು ಕೂಸಿನ ಆಸೆ ಬೇರೆ. "ಮೊದಲ ಒಳಗ ಏನೈತಿ ನೋಡೂಣು" ಎಂದು ನಾನೇ ಅವಳನ್ನು ಚಿಕ್ಕೋಡಿಗೆ ಕರೆದೊಯ್ದೆ.

ಸೋನೋಗ್ರಾಫಿ ಮಾಡುವ ಡಾಕ್ಟರ್ ಪ್ರಾಜಕ್ತಾ ಚಿಕ್ಕ ವಯಸ್ಸಿನವರು, ಮಾತು ಖಡಕ್. "ಮುಟ್ಟು ಹತ್ರ ಬಂದಾಗ ಚೀಲದ ಒಳಪದರ ದಪ್ಪಾಗೇ ಇರ್ತೈತ್ರಿ ಕಾಕು. ಇವತ್ತು ನೋಡಿ ಹೇಳಾಕ ಬರಾಂಗಿಲ್ಲ. ಮುಟ್ಟು ಬಂದು ನಿಂತ ಕೂಡಲೇ ಬರ್ರಿ" ಎಂದು ವಾಪಸು ಕಳಿಸಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದೆ. ಎರಡನೇ ಸಲ ಹೋದಾಗ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಪದರ ತೆಳುವಾಗಿತ್ತು, ನಡುವೆ ಒಣದ್ರಾಕ್ಷಿಯಷ್ಟು ಒಂದು ಗಂಟು. "ಇಷ್ಟಕ್ಕ ಚೀಲ ಯಾಕ ತೆಗೀಬೇಕ್ರಿ?" ಎಂದರು. ಹೊಟ್ಟೆ ಕೊಯ್ಯದೆ, ಒಳಗೆ ದುರ್ಬೀನು ಹಾಕಿ ಗಂಟೊಂದನ್ನೇ ತೆಗೆದರು. ಪರೀಕ್ಷೆಗೆ ಕಳಿಸಿದ್ದರಲ್ಲಿ ಕೆಟ್ಟದ್ದೇನೂ ಇಲ್ಲವೆಂದು ಬಂತು.

ಈಗ ಸೀಮಾಳ ಮುಖಕ್ಕೆ ಕಳೆ ಬಂದಿದೆ. ದುಂಡವ್ವನ ಮೂರನೇ ಸೊಸೆಗೂ ಇದೇ ತೊಂದರೆಯಂತೆ, ಅವಳನ್ನು ಬರುವ ವಾರ ನಾನೇ ಕರೆದೊಯ್ಯುತ್ತೇನೆ. ನನ್ನ ಮಾತು ಮೀರುವ ಧೈರ್ಯ ಓಣಿಯಲ್ಲಿ ಯಾರಿಗಿದೆ, ಹೇಳು.

ಮಂಡಿನೋವಿಗೆ ಎಣ್ಣೆ ಹಚ್ಚಿಕೋ. ನಿನ್ನ ಮನೆ ತಂಪಾಗಿರಲಿ.

ನಿನ್ನ ಅಕ್ಕ,
ಸಕ್ಕುಬಾಯಿ

ತಾ.ಕ.: ಹೊರಡುವಾಗ ಡಾಕ್ಟರನ್ನು ಕೇಳಿದೆ, "ಇಪ್ಪತ್ತು ವರ್ಷದ ಹಿಂದ ಈ ಮಷೀನು ಇತ್ತೇನ್ರಿ?" "ಇತ್ತರಿ, ಚಿಕ್ಕೋಡ್ಯಾಗೇ ಇತ್ತು" ಎಂದರು. ಗಂಗಾ, ಆಗ ನಿನಗೂ ಇಪ್ಪತ್ತಾರೇ. ನಿನ್ನ ಕೂಸು ರೂಪೇಶನಿಗೆ ಒಬ್ಬಳು ತಂಗಿ ಬೇಕು ಎನ್ನುತ್ತಿದ್ದೆ ನೀನು. "ಅಕ್ಕಾ, ಒಮ್ಮೆ ಚಿಕ್ಕೋಡ್ಯಾಗ ತೋರಸೂಣು" ಎಂದು ಅತ್ತಿದ್ದೆ. ಕಬ್ಬಿಗೆ ಆಳು ಬರುವುದರೊಳಗೆ ಚೀಲ ತೆಗೆಸುವುದು ಮುಗಿಯಲಿ ಎಂದು ಗದರಿಸಿ, ಕೈ ಹಿಡಿದು ನಿನ್ನನ್ನು ವ್ಯಾನ್ ಹತ್ತಿಸಿದವಳು ನಾನು. ಒಳಗೆ ಏನಿತ್ತೆಂದು ಯಾರೂ ನೋಡಲಿಲ್ಲ. ತಪ್ಪಾಯಿತು. ಡಬ್ಬಿ ಕೊಡಲು ನಾನೇ ಬರಲೇ?