ಬರ್ತೀನ್ರಿ

ಖರಾಡಿ, ಪುಣೆ
ಶುಕ್ರವಾರ ಸಂಜೆ

ಮಧ್ವೇಶ ಅವರಿಗೆ ಮಂಜರಿಯ ನಮಸ್ಕಾರ.

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ, ಅಳಿಸಿದೆ. ನೀವು ಮನೆ ಬಿಟ್ಟು ತಳೇಗಾಂವಕ್ಕೆ ಹೋಗಿ ಎರಡು ವರ್ಷವಾಯಿತು, ಈಗ ಆ ಮಾತೆಲ್ಲ ಬೇಡ. ಈ ಇಮೇಲ್ ಆಫೀಸಿನ ಕೆಲಸಕ್ಕೆ. ಸಿಟ್ಟು ಬಂದರೂ ಪೂರ್ತಿ ಓದಿ.

ಗಡಿಭಾಗದ ಶಾಲೆಗಳಿಗಾಗಿ ನಮ್ಮ ಕಂಪನಿ ಮಾಡುತ್ತಿರುವ ಆಪರೇಟಿಂಗ್ ಸಿಸ್ಟಮ್ ಸೋಮವಾರ ಅಂತಿಮವಾಗುತ್ತದೆ. ಕಂಪ್ಯೂಟರ್ ಆನ್ ಮಾಡಿದೊಡನೆ ಅದರೊಳಗೆ ಯಾವ ಸಾಫ್ಟ್‌ವೇರ್ ಇರಬೇಕು, ಯಾವುದನ್ನು ಬೇಕಾದವರು ಆಮೇಲೆ ಹಾಕಿಕೊಳ್ಳಬೇಕು ಎಂದು ಇವತ್ತು ಮೀಟಿಂಗ್ ಇತ್ತು. ಹಳೆಯ ಯಂತ್ರಗಳು, ಜಾಗ ಕಡಿಮೆ. ಚಿತ್ರ ಬಿಡಿಸುವುದು ಉಳಿಯಿತು, ಚದುರಂಗವೂ ಉಳಿಯಿತು. ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುವ, ನೀವು ಬರೆದ ಸಾಫ್ಟ್‌ವೇರನ್ನು ಮಾತ್ರ ನಮ್ಮ ಮ್ಯಾನೇಜರ್ ಮಹೇಶಕುಮಾರ ಪಟ್ಟಿಯಿಂದ ಹೊಡೆದು ಹಾಕಿದರು. ಕಣ್ಣು ಕಾಣದವರು ಬೇಕಾದರೆ ಆಮೇಲೆ ಹಾಕಿಕೊಳ್ಳಲಿ ಎಂದರು.

ನನಗೆ ತಲೆ ಕೆಟ್ಟುಹೋಯಿತು. “ಪರದೇನ ಕಾಣೂದಿಲ್ಲ ಅಂದಮ್ಯಾಲೆ ಹಾಕ್ಕೊಳ್ಳೂದು ಹ್ಯಾಂಗ್ರಿ?” ಎಂದು ನಮ್ಮ ಮನೆಮಾತಿನಲ್ಲೇ ಕೂಗಿಬಿಟ್ಟೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ಅದನ್ನೇ ಮರಾಠಿಯಲ್ಲಿ ಹೇಳಬೇಕಾಯಿತು.

ನಿಮ್ಮ ತಂಗಿ ಶಾಮಲಾ ಪಾಠ ಹೇಳುವ ಬೆಳಗಾವಿಯ ಶಾಲೆಗೂ ಇವೇ ಕಂಪ್ಯೂಟರ್ ಹೋಗುತ್ತವೆ. ಅಲ್ಲಿನ ಹುಡುಗಿಯರಿಗೂ ಅವಳ ಹಾಗೆಯೇ ಕಣ್ಣಿಲ್ಲ. ಹೋದ ವಾರ ಈ ಅತ್ತಿಗೆಗೆ ಫೋನ್ ಮಾಡಿ, “ವೈನಿ, ಹೊಸಾವು ಮಾತಾಡ್ತಾವಲ್ಲ?” ಎಂದು ಕೇಳಿದಳು. ಹೂಂ ಅಂದಿದ್ದೆ. ಈಗ ಅವಳ ಫೋನ್ ಎತ್ತಲು ನನಗೆ ಭಯ.

ಕೊನೆಗೆ ಮಹೇಶಕುಮಾರ ಒಂದು ಷರತ್ತು ಹಾಕಿದರು. ಸಾಫ್ಟ್‌ವೇರ್ ಬರೆದವರೇ ಸೋಮವಾರ ಬೆಳಿಗ್ಗೆ ಇಲ್ಲಿಗೆ ಬಂದು, ಮುಂದೆಯೂ ನಾನೇ ನೋಡಿಕೊಳ್ಳುತ್ತೇನೆ ಎಂದು ಎದುರಿಗೆ ಹೇಳಬೇಕು. ಇಲ್ಲವಾದರೆ ಅದು ಹೊರಗೆ. ನೀವು ಅದನ್ನು ಬಳಸುವ ಯಾರ ದೂರಿಗೂ ಉತ್ತರ ಕೊಡುವುದನ್ನೇ ಬಿಟ್ಟಿದ್ದೀರಿ, ಅದನ್ನೂ ಎತ್ತಿ ಆಡಿದರು. ನನ್ನ ಮೇಲಿನ ಸಿಟ್ಟನ್ನು ಆ ಹುಡುಗಿಯರ ಮೇಲೆ ಯಾಕೆ ತೀರಿಸಿಕೊಳ್ಳುತ್ತೀರಿ ಮಾರಾಯರೇ?

ಇನ್ನೊಂದು ತಕರಾರು. ನಮ್ಮ ಆಫೀಸಿನ ವಿನೀತ ದಿಲ್ಲಿಯವನು, ಕನ್ನಡ ಬಾರದು. ಕಂಪ್ಯೂಟರ್ ಬಂದ್ ಮಾಡುವಾಗ ನಿಮ್ಮ ಸಾಫ್ಟ್‌ವೇರ್ “ಬರ್ತೀನ್ರಿ” ಅನ್ನುತ್ತದಲ್ಲ, ಅದನ್ನು ಅನುವಾದ ಮಾಡಿಸಿ ನೋಡಿದ್ದಾನೆ. ಹೋಗುವ ಯಂತ್ರ ಬರುತ್ತೇನೆ ಅನ್ನುವುದು ತಪ್ಪು, ತಿದ್ದಬೇಕು ಎಂದು ಬರೆದಿದ್ದಾನೆ. ನಮ್ಮಲ್ಲಿ ಹೊರಡುವವರು ಹೋಗ್ತೀನಿ ಅನ್ನಬಾರದು ಎಂದು ಅವನಿಗೆ ತಿಳಿಸಿ ಹೇಳಿದೆ. ತಳೇಗಾಂವಕ್ಕೆ ಹೊರಟ ದಿನ ನೀವು ಹೊಸ್ತಿಲಲ್ಲಿ ನಿಂತು “ಹೋಗ್ತೀನಿ” ಅಂದಿರಿ. ನಿಮ್ಮ ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು, “ಬರ್ತೀನಿ ಅನ್ನೋ” ಎಂದರು. ನೀವು ಅನ್ನಲಿಲ್ಲ.

ಸಾಫ್ಟ್‌ವೇರಿನ ಆ ಧ್ವನಿ ನನ್ನದೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಕ್ಯಾಂಪ್ ಬಡಾವಣೆಯ ನಮ್ಮ ಹಳೆಯ ಮನೆಯಲ್ಲಿ ಕಿಟಕಿಗೆ ಕೌದಿ ಕಟ್ಟಿ, ಫ್ಯಾನ್ ಆರಿಸಿ, ಒಂದೊಂದು ಮಾತನ್ನೂ ನನ್ನಿಂದ ಹೇಳಿಸಿದ್ದಿರಿ. ಬೆವರಿ ನೀರಾಗಿದ್ದೆವು, ನಕ್ಕು ನಕ್ಕು ಸಾಕಾಗಿತ್ತು. ಇವತ್ತು ಒಬ್ಬಳೇ ಕೂತು, ವಿನೀತ ಕೇಳಿದಂತೆ ‘ಹೋಗ್ತೀನ್ರಿ’ ಎಂದು ರೆಕಾರ್ಡ್ ಮಾಡಲು ನೋಡಿದೆ. ಬಾಯಿ ಬರಲಿಲ್ಲ. ನಿಮಗೆ ಹೇಗೆ ಬಂತೋ ಕಾಣೆ.

ನನಗೋಸ್ಕರ ಬರಬೇಡಿ. ಶಾಮಲಾಗೋಸ್ಕರ ಬನ್ನಿ.

ಇಂತಿ,
ಮಂಜರಿ

ತಾ.ಕ.: ಇದನ್ನು ಬರೆಯುತ್ತಿರುವಾಗಲೇ ಶಾಮಲಾಳ ಫೋನ್ ಬಂತು. ಎತ್ತಿದೆ. “ನಿಮ್ಮಣ್ಣ ಸೋಮವಾರ ಬರ್ತಾರ” ಎಂದೆ. ಮೀಟಿಂಗಿನಲ್ಲೂ ನಿಮ್ಮನ್ನು ಕೇಳದೆ ಅದನ್ನೇ ಹೇಳಿಬಿಟ್ಟಿದ್ದೇನೆ. ಅವಳು ಖುಷಿಯಿಂದ, “ಬರ್ತೀನಿ ಅಂತ ಅಂವಾ ಅಂದಾನೇನ್ ವೈನಿ?” ಎಂದು ಕೇಳಿದಳು. ಅಂದಾರ ಎಂದು ಸುಳ್ಳು ಹೇಳಿದೆ.